ಮೂರು ಮೀಟರ್ ಆಚೀಚೆ

ಮೊದಲೇ ಹೇಳಿಬಿಡುತ್ತೇನೆ. ಇದು ಆ ಕೋಡಿಹಳ್ಳಿ ಅಲ್ಲ.

ಫೋನಿನ ಮ್ಯಾಪಿನಲ್ಲಿ ‘ಕೋಡಿಹಳ್ಳಿ’ ಎಂದು ಒತ್ತಿ ನೋಡಿ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಗೆ ಕರೆದುಕೊಂಡು ಹೋಗುತ್ತದೆ. ಅಲ್ಲಿ ಪಂಚತಾರಾ ಹೋಟೆಲ್ ಇದೆ. ನಮ್ಮದು ಕನಕಪುರ ತಾಲ್ಲೂಕಿನ ಕೋಡಿಹಳ್ಳಿ. ಇಲ್ಲಿ ಟೀ ಅಂಗಡಿ ಇದೆ.

ಕೆರೆಗೆ ಕೋಡಿ ಇದ್ದ ಊರಿಗೆಲ್ಲ ಹಿರಿಯರು ಇದೇ ಹೆಸರಿಟ್ಟರು. ಕೆರೆ ತುಂಬಿದರೆ ನೀರು ಎಲ್ಲಿಂದ ಹೊರಬೀಳುತ್ತದೆ ಅನ್ನುವುದೇ ಅವರಿಗೆ ವಿಳಾಸ. ಉಪಗ್ರಹಕ್ಕೆ ಇದು ತಿಳಿಯದು. ಪಾರ್ಸೆಲ್ ಹುಡುಗರಿಗೂ ತಿಳಿಯದು. ಹೀಗಾಗಿ ಭಾನುವಾರ ಬೆಳಿಗ್ಗೆ ಹೊರಗಿನ ಜೀಪೊಂದು ನಮ್ಮ ಸರ್ಕಲ್ಲಿನಲ್ಲಿ ನಿಂತರೆ ಯಾರೂ ಬೆರಗಾಗುವುದಿಲ್ಲ. ದಾರಿ ತಪ್ಪಿ ಬಂದಿದ್ದಾರೆ. ಇಲ್ಲವೇ ತಪ್ಪಿಸಿಕೊಳ್ಳಲೆಂದೇ ಹೊರಟಿದ್ದಾರೆ.

ಹೋದ ಬೇಸಿಗೆಯಲ್ಲಿ ಬಂದ ಜೀಪಿನದು ಎರಡನೇ ಜಾತಿ.

ನಾಲ್ವರು ಇಳಿದರು. ಮರಳಿನ ಬಣ್ಣದ ಪ್ಯಾಂಟು. ಕತ್ತಿನ ಹಿಂದೆ ಪರದೆ ಇಳಿಬಿಟ್ಟ ಟೋಪಿ. ಬೆನ್ನಿನ ಚೀಲದಿಂದ ಬಾಯಿಗೆ ನೀರಿನ ಕೊಳವೆ. ಎದೆಯ ಪಟ್ಟಿಗೆ ಸಿಕ್ಕಿಸಿದ ಒಂದು ಯಂತ್ರ, ಹಳೇ ಟ್ರಾನ್ಸಿಸ್ಟರ್ ರೇಡಿಯೊದ ಮರಿಯ ಹಾಗೆ. ಸಹಾರಾ ದಾಟುವ ತಯಾರಿ. ಎದುರಿಗೆ ಇದ್ದದ್ದು ಕೊಯ್ಲಾದ ರಾಗಿ ಹೊಲ, ಹಿಪ್ಪುನೇರಳೆ ತೋಟ, ಅದರಾಚೆ ಬಂಡೆ ಗುಡ್ಡ.

“ಅದೇನ್ ಸಾ, ವಾಕಿಟಾಕಿನಾ?” ಟೀ ಅಂಗಡಿಯವರು ಕೇಳಿದರು.

“ಅಲ್ಲ ಅಣ್ಣ, ಜಿಪಿಎಸ್ಸು. ಬಂಡೆ ಸಂದೀಲಿ ಡಬ್ಬಿ ಬಚ್ಚಿಟ್ಟಿರ್ತಾರೆ. ಇದನ್ನ ಹಿಡ್ಕೊಂಡು ಹುಡುಕೋದು. ಜಿಯೋಕ್ಯಾಶಿಂಗ್ ಅಂತ.”

“ಡಬ್ಬೀಲಿ ಏನಿರ್ತದೆ?”

“ಒಂದು ಪುಸ್ತಕ, ಪೆನ್ಸಿಲ್ಲು. ಸಿಕ್ಕಿತು ಅಂತ ಸಹಿ ಹಾಕಿ ಬರೋದು.”

ಅಂಗಡಿಯವರು ನನ್ನ ಕಡೆ ನೋಡಿದರು. ಬೆಟ್ಟದಲ್ಲಿ ಬಂಡೆ ಸಂದಿ ಹುಡುಕುವವರಿಗೆ ನಮ್ಮ ಕಡೆ ಇರುವುದು ಒಂದೇ ಹೆಸರು. ನಿಧಿಗಳ್ಳರು. ಅವರೂ ನಕ್ಷೆ ತರುತ್ತಾರೆ. ಅವರೂ ಗುರುತು ನೋಡುತ್ತಾರೆ. ಆದರೆ ಅವರು ರಾತ್ರಿ ಬರುತ್ತಾರೆ, ಸಹಿ ಹಾಕುವುದಿಲ್ಲ.

ಆಟ ಕೆಟ್ಟದ್ದಲ್ಲ. ಅದು ಹುಟ್ಟಿದ ಕಥೆಯಂತೂ ಚೆನ್ನಾಗಿಯೇ ಇದೆ. 2000ನೇ ಇಸವಿಯ ಮೇ ಆರಂಭದವರೆಗೆ ಅಮೆರಿಕದ ಸೇನೆ ಜನಸಾಮಾನ್ಯರಿಗೆ ಕಲಬೆರಕೆ ಜಿಪಿಎಸ್ ಕೊಡುತ್ತಿತ್ತು. ಬೇಕೆಂದೇ ಬೆರೆಸಿದ ತಪ್ಪು, ನೂರು ಮೀಟರಿನಷ್ಟು. ಅಧ್ಯಕ್ಷ ಕ್ಲಿಂಟನ್ ಆ ಕಲಬೆರಕೆ ನಿಲ್ಲಿಸಿದರು. ಅದರ ಬೆನ್ನಿಗೇ, ಮೇ 3ರಂದು, ಒರೆಗಾನಿನ ಡೇವ್ ಉಲ್ಮರ್ ಕಾಡಂಚಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು ಅದರ ಅಕ್ಷಾಂಶ ರೇಖಾಂಶ ಪ್ರಕಟಿಸಿದರು. ಒಳಗೆ ಪುಸ್ತಕ, ವಿಡಿಯೊ, ಕವಣೆ, ಒಂದು ಡಬ್ಬಿ ಬೀನ್ಸ್. ಒಂದು ತೆಗೆದುಕೊಳ್ಳಿ, ಒಂದು ಇಡಿ, ಸಹಿ ಹಾಕಿ. ಕ್ಷಿಪಣಿಗೆಂದು ಕಟ್ಟಿದ ವ್ಯವಸ್ಥೆಯನ್ನು ಜನ ಬೀನ್ಸ್ ಹುಡುಕಲು ಬಳಸಿದರು. ನನ್ನ ಪ್ರಕಾರ ಅದಕ್ಕೆ ಸಿಕ್ಕ ಅತ್ಯುತ್ತಮ ಉಪಯೋಗ.

ಆಟಕ್ಕೆ ನಿಯಮಗಳೂ ಇವೆ. ಜಾಗದ ಒಡೆಯರ ಅನುಮತಿ ಬೇಕು. ನೆಲ ಅಗೆಯಬಾರದು. ತಿನ್ನುವ ಪದಾರ್ಥ ಇಡಬಾರದು, ಪ್ರಾಣಿಗಳು ಮೂಸಿಕೊಂಡು ಬರುತ್ತವೆ.

ನಾಲ್ವರಲ್ಲಿ ಒಬ್ಬರು ಹೊಸ ಡಬ್ಬಿ ಇಡಲು ತಂದಿದ್ದರು. ಮುಚ್ಚಳ ತೆಗೆದು ತೋರಿಸಿದರು. ಕಡಲೆಕಾಯಿ ಚಿಕ್ಕಿ. ಕರಡಿ ಓಡಾಡುವ ಗುಡ್ಡಕ್ಕೆ ಬೆಲ್ಲದ ಚಿಕ್ಕಿ.

ಅನುಮತಿ?

“ಕಾಡು ಯಾರಪ್ಪಂದೂ ಅಲ್ವಲ್ಲ ಸಾರ್.”

ಆ ಕಾಡು ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ್ದು. ಕೋಡಿಹಳ್ಳಿ ಹೆಸರಿನದೇ ಒಂದು ವನ್ಯಜೀವಿ ವಲಯ ಅದರಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಒಳಗೆ ಆನೆ ಇದೆ. ಯಂತ್ರದ ಪರದೆಯಲ್ಲಿ ಅದೆಲ್ಲ ಹಸಿರು ಬಣ್ಣ, ಅಷ್ಟೇ.

ಯಂತ್ರದ ವಿಚಾರಕ್ಕೆ ಬರುತ್ತೇನೆ. ನಾನೇನೂ ಯಂತ್ರದ್ವೇಷಿ ಅಲ್ಲ. ನನ್ನ ಹತ್ತಿರವೂ ಹಳೆಯದೊಂದು ಇಟ್ರೆಕ್ಸ್ ಜಿಪಿಎಸ್ ಇದೆ. ಅಮೆರಿಕದಲ್ಲಿರುವ ಅಕ್ಕನ ಮಗ ಬಿಟ್ಟುಹೋದದ್ದು. ಅದರ ರಬ್ಬರ್ ಅಂಚು ಕಿತ್ತಿದೆ, ಸೆಲ್ಲಿನ ಮುಚ್ಚಳಕ್ಕೆ ಟೇಪು ಸುತ್ತಿದೆ. ಇಂದಿಗೂ ನಾಲ್ಕಾರು ಉಪಗ್ರಹ ಹಿಡಿದುಕೊಂಡು ಮರ್ಯಾದೆಯಾಗಿ ಉತ್ತರ ಹೇಳುತ್ತದೆ.

ನಮ್ಮವರು ಯಂತ್ರ ಕೊಳ್ಳುವ ಕ್ರಮವೇ ಬೇರೆ. ಮೊದಲು ಬೆಲೆ ನೋಡುತ್ತಾರೆ. ಹೆಚ್ಚಿದ್ದರೆ ಒಳ್ಳೆಯದು. ಆಮೇಲೆ ವಿಡಿಯೊ ನೋಡುತ್ತಾರೆ. ಅದರಲ್ಲಿ ಗಡ್ಡದವನೊಬ್ಬ ಯೂಟಾ ಮರುಭೂಮಿಯಲ್ಲಿ ಯಂತ್ರವನ್ನು ನೆಲಕ್ಕೆ ಎಸೆದು ತೋರಿಸುತ್ತಾನೆ. ಅರ್ಧ ಲಕ್ಷ ಕೊಡುತ್ತಾರೆ. ಬಳಸುವ ಕ್ರಮದ ಪುಸ್ತಕ ಡಬ್ಬಿಯಲ್ಲೇ ಉಳಿಯುತ್ತದೆ. ಯಂತ್ರ ಎದೆಗೆ ಬರುತ್ತದೆ, ಪದಕದ ಹಾಗೆ.

ಬೇಕಾದದ್ದು ಬಹಳ ಕಡಿಮೆ. ನಡುಮಧ್ಯಾಹ್ನದ ಬಿಸಿಲಲ್ಲಿ ಕಾಣುವ ಪರದೆ. ಬೆವರಿದ ಬೆರಳಿಗೂ ಒತ್ತಲು ಬರುವ ಗುಂಡಿ. ಪೆನ್ಸಿಲ್ ಸೆಲ್ಲಿನಲ್ಲಿ ನಡೆಯುವ ಹೊಟ್ಟೆ. ಈ ಮೂರಿದ್ದರೆ ಮರುಭೂಮಿಯಲ್ಲೂ ಬಾಳುತ್ತದೆ, ಮಾಗಡಿಯಲ್ಲೂ ಬಾಳುತ್ತದೆ. ಇಟ್ರೆಕ್ಸಿನಂಥದ್ದಕ್ಕೆ ಎರಡು ಸೆಲ್ಲಿಗೆ 25 ಗಂಟೆ ಎಂದು ಕಂಪನಿ ಹೇಳುತ್ತದೆ. ಹಳ್ಳಿ ಅಂಗಡಿಯ ಹತ್ತು ರೂಪಾಯಿ ಸೆಲ್ಲಿಗೆ ಅದನ್ನು ಹೇಳಿಲ್ಲ. ಅದು ಎರಡನೇ ಗುಡ್ಡಕ್ಕೇ ಕೈಕೊಡುತ್ತದೆ. ಒಳ್ಳೆಯ ಸೆಲ್ ನಾಲ್ಕು ಜೇಬಿನಲ್ಲಿ ಇಟ್ಟುಕೊಳ್ಳಿ. ಅರ್ಧ ಲಕ್ಷದ ಯಂತ್ರ ಕೊಂಡವರು ಇಲ್ಲಿ ಉಳಿತಾಯ ಮಾಡುತ್ತಾರೆ.

“ಫೋನೇ ಸಾಕಲ್ವಾ?” ಸಾಕು, ಬಹಳಷ್ಟು ಮಂದಿಗೆ. ಫೋನಿನ ಒಳಗಿನ ಚಿಪ್ಪೂ ಅದೇ ಉಪಗ್ರಹಗಳ ಮಾತು ಕೇಳುತ್ತದೆ. ಆದರೆ “ನೆಟ್‌ವರ್ಕ್ ಇಲ್ಲ, ಅದಕ್ಕೆ ಜಿಪಿಎಸ್ ಬರ್ತಿಲ್ಲ” ಅನ್ನುವವರಿಗೆ ಯಾವ ಯಂತ್ರವೂ ಸಾಲದು. ಉಪಗ್ರಹದ ಸಂಕೇತ 20,000 ಕಿಲೋಮೀಟರ್ ಮೇಲಿಂದ ಬಿಟ್ಟಿಯಾಗಿ ಬೀಳುತ್ತಿರುತ್ತದೆ. ನೆಟ್‌ವರ್ಕ್ ಬೇಕಿರುವುದು ನಕ್ಷೆಗೆ. ನಕ್ಷೆಯನ್ನು ಹಿಂದಿನ ರಾತ್ರಿ ಮನೆಯಲ್ಲೇ ಇಳಿಸಿಕೊಳ್ಳಬಹುದಿತ್ತು. ಹಿಂದಿನ ರಾತ್ರಿ ಟೋಪಿ ಹಾಕಿಕೊಂಡು ಫೋಟೊ ತೆಗೆಯುವುದಿತ್ತು.

ಬಿಸಿ ಬಂಡೆಯ ಮೇಲೆ ಫೋನು ಕಾದು ತಾನೇ ಆರಿಹೋಗುತ್ತದೆ. ಅದಕ್ಕಾದರೂ ಬುದ್ಧಿ ಇದೆ.

ಪರದೆಯ ಮೂಲೆಯಲ್ಲಿ ‘3 ಮೀ.’ ಎಂದು ಬರುತ್ತದಲ್ಲ, ನಮ್ಮವರು ಅದನ್ನು ದೇವರ ಅಪ್ಪಣೆ ಎಂದುಕೊಂಡಿದ್ದಾರೆ. ಅದು ಯಂತ್ರದ ಅಂದಾಜು. ತೆರೆದ ಬಯಲಿನಲ್ಲಿ ಹೆಚ್ಚುಕಡಿಮೆ ಸರಿ. ಸಾವನದುರ್ಗದಂಥ ಕಲ್ಲಿನ ಬುಡದಲ್ಲಿ ಅರ್ಧ ಆಕಾಶವೇ ಇರುವುದಿಲ್ಲ. ಉಳಿದರ್ಧದಿಂದ ಬಂದ ಸಂಕೇತ ಬಂಡೆಗೆ ಬಡಿದು, ಗೋಡೆಗೆ ಹೊಡೆದ ಚೆಂಡಿನ ಹಾಗೆ ತಿರುಗಿ ಬರುತ್ತದೆ. ದಾರಿ ಉದ್ದವಾಯಿತು, ಹಾಗಾಗಿ ಉಪಗ್ರಹವೇ ದೂರ ಹೋಯಿತು ಎಂದುಕೊಳ್ಳುತ್ತದೆ ಯಂತ್ರ. ನೀವು ನೆರಳಲ್ಲಿ ಕದಲದೆ ಕೂತು ಚಿತ್ರಾನ್ನ ತಿನ್ನುತ್ತಿರುತ್ತೀರಿ. ಪರದೆಯ ಮೇಲೆ ಊರೆಲ್ಲ ಸುತ್ತಿರುತ್ತೀರಿ. ಎರಡು ತರಂಗಾಂತರ ಹಿಡಿಯುವ ಹೊಸ ಯಂತ್ರಗಳಲ್ಲಿ ಈ ಕಾಯಿಲೆ ಕಡಿಮೆ. ವಾಸಿಯಾಗಿಲ್ಲ.

ಬಾಣದ ಗುರುತಿನದು ಇನ್ನೊಂದು ಕಥೆ. ಅದು ಗುರಿಯ ಕಡೆಗೆ ನೇರ ಗೆರೆ ಎಳೆಯುತ್ತದೆ. ನಡುವೆ ಇನ್ನೂರು ಅಡಿಯ ಕಡಿದಾದ ಬಂಡೆ ಇದೆ ಎನ್ನುವುದು ಅದರ ಕೆಲಸವಲ್ಲ. ಒಳಗೆ ದಿಕ್ಸೂಚಿ ಇಲ್ಲದ ಅಗ್ಗದ ಯಂತ್ರವಾದರೆ ನೀವು ನಡೆಯುತ್ತಿರುವಾಗ ಮಾತ್ರ ದಿಕ್ಕು ಹೇಳುತ್ತದೆ. ನಿಂತರೆ ಅದಕ್ಕೂ ದಿಕ್ಕು ತಪ್ಪುತ್ತದೆ. ದಿಕ್ಸೂಚಿ ಇದ್ದರೂ ಸೆಲ್ ಬದಲಿಸಿದಾಗಲೆಲ್ಲ ಗಿರಗಿರ ತಿರುಗಿಸಿ ಸರಿಮಾಡಿಕೊಳ್ಳಬೇಕು. ಪುಸ್ತಕದಲ್ಲಿ ಬರೆದಿದೆ. ಪುಸ್ತಕ ಡಬ್ಬಿಯಲ್ಲಿದೆ.

ನಾಲ್ವರು ಅಂದು ಮಧ್ಯಾಹ್ನದವರೆಗೂ ಅಲೆದರು. ಡಬ್ಬಿ ಸಿಗಲಿಲ್ಲ. ಮತ್ತೆ ಟೀ ಅಂಗಡಿಗೇ ಬಂದರು. ನಾನು ಯಂತ್ರ ಇಸಿದುಕೊಂಡು ನೋಡಿದೆ. ಡಬ್ಬಿಯ ಜಾಗವನ್ನು ಡಿಗ್ರಿ ಮತ್ತು ದಶಾಂಶದ ನಿಮಿಷದಲ್ಲಿ ಕೊಟ್ಟಿದ್ದರು, ಈ ಆಟದಲ್ಲಿ ಅದೇ ರೂಢಿ. ಇವರು ಅದನ್ನು ನಿಮಿಷ, ಸೆಕೆಂಡು ಎಂದು ಒತ್ತಿದ್ದರು. ಉದಾಹರಣೆಗೆ 26.500 ನಿಮಿಷ ಅಂದರೆ ಇಪ್ಪತ್ತಾರೂವರೆ, ಎಂದರೆ 26 ನಿಮಿಷ 30 ಸೆಕೆಂಡು. ಇವರ ಪಾಲಿಗೆ ಅದು 26 ನಿಮಿಷ 50 ಸೆಕೆಂಡು. ಇಪ್ಪತ್ತು ಸೆಕೆಂಡಿನ ವ್ಯತ್ಯಾಸ. ನೆಲದ ಮೇಲೆ ಆರುನೂರು ಮೀಟರ್ ಮಿಕ್ಕುತ್ತದೆ. ಮೂರು ಮೀಟರಿನ ಯಂತ್ರ, ಆರುನೂರು ಮೀಟರಿನ ಬೆರಳು.

ಒಬ್ಬರು ಹಳೆಯ ಟೋಪೋಶೀಟನ್ನೂ ತಂದಿದ್ದರು. ನಮ್ಮ ಭಾಗ ಬರುವುದು 57 ಎಚ್ ಹಾಳೆಗಳಲ್ಲಿ. ಮೆಚ್ಚಿದೆ. ಆದರೆ ಆ ಹಾಳೆಗಳು ಭೂಮಿಯ ಆಕಾರವನ್ನು 1830ರ ಎವರೆಸ್ಟ್ ಲೆಕ್ಕದಲ್ಲಿ ಹಿಡಿದಿವೆ. ಯಂತ್ರ ಡಬ್ಲ್ಯುಜಿಎಸ್ 84 ಲೆಕ್ಕದಲ್ಲಿ ಹಿಡಿಯುತ್ತದೆ. ಎರಡನ್ನೂ ಹೊಂದಿಸಿಕೊಳ್ಳದಿದ್ದರೆ ನೂರು ಮೀಟರಿಗೂ ಹೆಚ್ಚು ಎಡವಟ್ಟು. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಬ್ರಿಟಿಷ್ ಸರ್ವೆಯರ್ ಲ್ಯಾಂಬ್ಟನ್ ಬೆಂಗಳೂರಿನಲ್ಲಿ ಸರಪಳಿ ಎಳೆದು ಅಳತೆ ಶುರುಮಾಡಿದ. ಅಳೆದದ್ದು ಅವನ ಈಸ್ಟ್ ಇಂಡಿಯಾ ಕಂಪನಿಗಾಗಿ. ಆದರೂ ಒಂದು ಗೆರೆಯನ್ನು ಅಳೆದು ಮತ್ತೆ ತಾಳೆ ನೋಡುತ್ತಿದ್ದ. ನಮಗೆ ಒಂದು ಸಲ ನೋಡುವುದೇ ಭಾರ.

ಇನ್ನು ಮರುಭೂಮಿ.

ಕನ್ನಡ ನಾಡಿನಲ್ಲಿ ಮರುಭೂಮಿ ಹುಡುಕುವವರಿಗೆ ಇರುವುದು ತಲಕಾಡು. ಅಲ್ಲೂ ಮರಳಿನ ಪಕ್ಕದಲ್ಲೇ ಕಾವೇರಿ ಹರಿಯುತ್ತಾಳೆ, ಬೋಂಡಾ ಸಿಗುತ್ತದೆ. ಹೀಗಾಗಿ ನಮ್ಮವರು ಜೈಸಲ್ಮೇರಿಗೆ ಹೋಗುವ ಮೊದಲು ರಾಮನಗರದ ಬಂಡೆಗಳ ಮೇಲೆ ‘ಡೆಸರ್ಟ್ ಪ್ರಾಕ್ಟೀಸ್’ ಮಾಡುತ್ತಾರೆ. ‘ಶೋಲೆ’ಯವರು ರಾಮದೇವರ ಬೆಟ್ಟವನ್ನು ಉತ್ತರದ ಡಕಾಯಿತರ ನಾಡು ಎಂದು ನಂಬಿಸಿದರು. ಡೇವಿಡ್ ಲೀನ್ ತಮ್ಮ ಸಿನಿಮಾದಲ್ಲಿ ಸಾವನದುರ್ಗವನ್ನು ಮರಬಾರ್ ಗುಹೆಗಳ ಬೆಟ್ಟ ಮಾಡಿದರು. ಈಗ ಇವರು ಸಹಾರಾ ಮಾಡಿದ್ದಾರೆ. ನಮ್ಮ ಬೆಟ್ಟಗಳು ಯಾವತ್ತೂ ತಾವಾಗಿ ನಟಿಸಿದ್ದೇ ಇಲ್ಲ.

ನಿಜವಾದ ಮರುಭೂಮಿ ತಮಾಷೆಯಲ್ಲ. 2024ರ ಆಗಸ್ಟಿನಲ್ಲಿ ಸೌದಿಯ ರಬ್ ಅಲ್ ಖಾಲಿಯಲ್ಲಿ ಕರೀಂನಗರದ ಯುವಕನೊಬ್ಬ ಸತ್ತ. ಕೆಲಸದ ಮೇಲೆ ಹೋಗಿದ್ದ. ಜಿಪಿಎಸ್ ಕೈಕೊಟ್ಟಿತು, ಫೋನಿನ ಬ್ಯಾಟರಿ ಮುಗಿಯಿತು, ಗಾಡಿಯ ಇಂಧನ ಮುಗಿಯಿತು. ಜೊತೆಗಾರನೂ ಉಳಿಯಲಿಲ್ಲ. ದಿನಗಳ ನಂತರ ಗಾಡಿಯ ಪಕ್ಕದಲ್ಲೇ ಸಿಕ್ಕರು. ನಮ್ಮ ಕಡೆಯಿಂದಲೂ ಎಷ್ಟೋ ಮಕ್ಕಳು ಆ ಮರಳಿಗೆ ದುಡಿಯಲು ಹೋಗಿದ್ದಾರೆ. ಅವರು ಎದೆಗೆ ಯಂತ್ರ ಕಟ್ಟಿಕೊಂಡು ಫೋಟೊ ತೆಗೆಸಿಕೊಂಡವರಲ್ಲ.

ಅಮೆರಿಕದ ಡೆತ್ ವ್ಯಾಲಿಯ ರೇಂಜರುಗಳಂತೂ ಇದಕ್ಕೊಂದು ಹೆಸರನ್ನೇ ಇಟ್ಟಿದ್ದಾರೆ. ಜಿಪಿಎಸ್ ಸಾವು. ಯಂತ್ರ ತೋರಿಸಿದ ಹಳೆಯ ಗಾಡಿ ದಾರಿಯನ್ನು ನಂಬಿ ಹೋದವರು. ಮರಳಲ್ಲಿ ಕೆಲಸಕ್ಕೆ ಬರುವುದು ಅತಿ ಸಣ್ಣ ಉಪಾಯ. ಹೊರಡುವಾಗ ಗಾಡಿ ನಿಂತ ಜಾಗವನ್ನು ಯಂತ್ರದಲ್ಲಿ ಗುರುತು ಹಾಕಿ. ಬಂದ ದಾರಿಯ ದಾಖಲೆ ಚಾಲೂ ಇಡಿ. ಗಾಳಿ ಹೆಜ್ಜೆ ಅಳಿಸುತ್ತದೆ, ಯಂತ್ರ ಅಳಿಸುವುದಿಲ್ಲ. ಅಕ್ಷಾಂಶ ರೇಖಾಂಶವನ್ನು ಒಂದು ಚೀಟಿಯಲ್ಲೂ ಬರೆದುಕೊಳ್ಳಿ, ಮನೆಯಲ್ಲೂ ಒಂದು ಚೀಟಿ ಬಿಡಿ. ನಾಲ್ವರಿಗೆ ಇದನ್ನು ಹೇಳಿದೆ. “ಚೀಟಿನಾ ಸಾರ್?” ಎಂದು ನಕ್ಕರು.

ಉತ್ತರ ಪ್ರದೇಶದ್ದು ನೆನಪಿರಬೇಕು. 2024ರ ನವೆಂಬರ್. ಬರೇಲಿ ಕಡೆ ರಾಮಗಂಗಾ ಸೇತುವೆಯ ಮೇಲಿಂದ ಕಾರು ಬಿದ್ದು ಮೂವರು ಸತ್ತರು. ಸೇತುವೆ ನೆರೆಗೆ ಮುಂಚೆಯೇ ಕೊಚ್ಚಿಹೋಗಿತ್ತು. ತಡೆಗಟ್ಟೆ ಇರಲಿಲ್ಲ. ಇಂಜಿನಿಯರುಗಳ ಮೇಲೆ ಕೇಸಾಯಿತು. ಊರೆಲ್ಲ ಮಾತಾಡಿದ್ದು ಮಾತ್ರ ಮ್ಯಾಪಿನ ತಪ್ಪನ್ನು. ನಾಲ್ಕು ಕಲ್ಲು ಅಡ್ಡ ಇಟ್ಟಿದ್ದರೆ ಸಾಕಿತ್ತು. ಕಲ್ಲಿಗೆ ಬ್ಯಾಟರಿ ಬೇಡ.

ನಮ್ಮದೇ ಉಪಗ್ರಹಗಳಿವೆ, ಗೊತ್ತಲ್ಲ? ನಾವಿಕ್. ಅದರ ನ್ಯಾವಿಗೇಷನ್ ಕೇಂದ್ರ ಎಲ್ಲೋ ದೂರದಲ್ಲಿಲ್ಲ. ಇಲ್ಲೇ ಬ್ಯಾಲಾಳಿನಲ್ಲಿ. ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್. ಚಂದ್ರಯಾನದ ಮಾತು ಕೇಳಿಸಿಕೊಂಡ 32 ಮೀಟರಿನ ಆಂಟೆನಾ ಇರುವ ಊರು. 2013ರ ಮೇ ತಿಂಗಳಲ್ಲಿ ಅಲ್ಲಿ ಇಸ್ರೋ ನ್ಯಾವಿಗೇಷನ್ ಸೆಂಟರ್ ಶುರುವಾಯಿತು, ಜುಲೈನಲ್ಲಿ ಮೊದಲ ಉಪಗ್ರಹ ಹಾರಿತು. ಎದೆಯುಬ್ಬಿಸಿದೆವು. ಆಮೇಲೆ ಅದರ ಮೂರು ಪರಮಾಣು ಗಡಿಯಾರಗಳೂ ನಿಂತವು. ಬದಲಿಗೆ ಹಾರಿಸಿದ್ದು 2017ರಲ್ಲಿ ರಾಕೆಟ್ಟಿನ ಹೊದಿಕೆಯೊಳಗೇ ಉಳಿಯಿತು. 2025ರ ಜನವರಿಯಲ್ಲಿ ಹೋದ ಇನ್ನೊಂದು ಉಪಗ್ರಹ ತನ್ನ ಕಕ್ಷೆ ತಲುಪಲೇ ಇಲ್ಲ. ವಿಜ್ಞಾನಿಗಳನ್ನು ಹಂಗಿಸುವುದಿಲ್ಲ, ಅವರ ಕೆಲಸ ಕಷ್ಟದ್ದು. ಎದೆಯುಬ್ಬಿಸುವವರ ಕೆಲಸ ಸುಲಭದ್ದು. ಸ್ವದೇಶಿ ದಿಕ್ಕಿನ ಬಗ್ಗೆ ಭಾಷಣ ಮಾಡಿ, ಅಮೆರಿಕದ ಉಪಗ್ರಹ ಹಿಡಿದು ಮನೆಗೆ ಹೋಗುತ್ತಾರೆ.

ಒಂದು ಎಚ್ಚರಿಕೆ. ಆಕಾಶದಿಂದ ಸಂಕೇತ ಪಡೆಯುವ ಯಂತ್ರ ತಪ್ಪಲ್ಲ. ಆಕಾಶಕ್ಕೆ ಸಂದೇಶ ಕಳಿಸುವ ಯಂತ್ರ, ಅಂದರೆ ಇನ್‌ರೀಚ್‌ನಂಥದ್ದು, ಪರವಾನಗಿ ಇಲ್ಲದೆ ನಮ್ಮ ದೇಶದಲ್ಲಿ ಅಪರಾಧ. ಟೆಲಿಗ್ರಾಫ್ ಕಾಲದಿಂದ ಬಂದ ಕಾನೂನು. 2024ರ ಡಿಸೆಂಬರಿನಲ್ಲಿ ಗೋವಾ ವಿಮಾನ ನಿಲ್ದಾಣದಲ್ಲಿ ಕೆನಡಾದ ಓಟಗಾರ್ತಿಯೊಬ್ಬರು ಅದನ್ನು ಹಿಡಿದುಕೊಂಡಿದ್ದಕ್ಕೇ ಪೊಲೀಸರ ಕೈಗೆ ಸಿಕ್ಕರು. ಬೆಟ್ಟದಲ್ಲಿ ಬಿದ್ದು ಕಾಲು ಮುರಿದಾಗ ಕಾಪಾಡಿ ಎಂದು ಕೂಗಬಲ್ಲ ಏಕೈಕ ಯಂತ್ರ ನಿಷಿದ್ಧ. ಬಿದ್ದ ಜಾಗ ಮೂರು ಮೀಟರ್ ನಿಖರವಾಗಿ ನಿಮಗೊಬ್ಬರಿಗೇ ಗೊತ್ತಿದ್ದರೆ ಅಡ್ಡಿಯಿಲ್ಲ.

ನಮ್ಮ ಚಾರಣಿಗರ ಪ್ರಾಮಾಣಿಕತೆಯನ್ನೂ ಹೇಳಬೇಕು. 2024ರ ಜನವರಿಯಲ್ಲಿ ಕುಮಾರಪರ್ವತದ ಬುಡದಲ್ಲಿ ಜಾತ್ರೆಯಷ್ಟು ಜನ ಸೇರಿದ ಮೇಲೆ ಸರ್ಕಾರ ಎಚ್ಚೆತ್ತು ಆನ್‌ಲೈನ್ ಟಿಕೆಟ್ಟು, ದಿನಕ್ಕೆ ಒಂದು ದಾರಿಯಲ್ಲಿ 300 ಜನ ಎಂದು ಕಟ್ಟು ಮಾಡಿತು. ಟಿಕೆಟ್ ಸಿಗದವರು ಕತ್ತಲಲ್ಲಿ ಬೇಲಿ ನುಸುಳುತ್ತಾರೆ. ರಾಮದೇವರ ಬೆಟ್ಟದಲ್ಲಿ ರಣಹದ್ದುಗಳು ಗೂಡು ಕಟ್ಟುವ ಬಂಡೆಗಳಿವೆ, 2012ರಿಂದ ಅದು ರಣಹದ್ದು ಧಾಮ. ಅಲ್ಲಿಗೂ ನುಸುಳುತ್ತಾರೆ. ಆಮೇಲೆ ನುಸುಳಿದ ದಾರಿಯನ್ನು ಗಂಟೆ, ನಿಮಿಷ, ಎತ್ತರದ ಸಮೇತ ಜಗತ್ತಿಗೇ ಹಂಚುತ್ತಾರೆ. ಕಳ್ಳ ತನ್ನ ಹೆಜ್ಜೆ ಗುರುತಿಗೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ ಹಾಗೆ. ಹಿಡಿಯುವವರು ಅದನ್ನೂ ನೋಡುವುದಿಲ್ಲ. ಅವರಿಗೂ ನೆಟ್‌ವರ್ಕ್ ಇಲ್ಲವೇನೋ.

ಇಷ್ಟಕ್ಕೇ ನಾನು ಸಿಟ್ಟಾಗುತ್ತಿರಲಿಲ್ಲ. ಹುಡುಗರು, ಭಾನುವಾರ, ಬಿಸಿಲು. ತಿಂಗಳಿಗೊಮ್ಮೆ ನಗಲು ಬೇಕು. ಸಿಟ್ಟು ಬರುವುದು ಬೇರೆ ಕಡೆ. ಆಟದ ಡಬ್ಬಿಗೆ ಮೂರು ಮೀಟರ್ ನಿಖರತೆ ಸಾಲದು ಎಂದು ಗೋಳಾಡುವ ನಾಡು, ಲೆಕ್ಕ ಕೊಡುವ ಹೊತ್ತಿಗೆ ಕುರುಡಾಗುತ್ತದೆ.

ಬನ್ನೇರುಘಟ್ಟವನ್ನೇ ನೋಡಿ. ಉದ್ಯಾನದ ಸುತ್ತ ಪರಿಸರ ಸೂಕ್ಷ್ಮ ವಲಯ ಎಂದು 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2020ರ ಮಾರ್ಚಿನ ಅಂತಿಮ ಅಧಿಸೂಚನೆಯಲ್ಲಿ 168.84. ನೂರು ಚದರ ಕಿಲೋಮೀಟರ್ ಮಾಯ. ಎರಡನೇ ದಶಮಾಂಶದವರೆಗೆ ನಿಖರವಾಗಿ ಮಾಯ. ಯಾವ ಬಂಡೆಗೂ ಬಡಿದು ಸಂಕೇತ ತಿರುಗಲಿಲ್ಲ. ಯಾವ ಸೆಲ್ಲೂ ಮುಗಿಯಲಿಲ್ಲ. ಆನೆಗಳಿಗೆ ಹೊಸ ಗಡಿಯ ಅಕ್ಷಾಂಶ ರೇಖಾಂಶ ಯಾರೂ ಕೊಡಲಿಲ್ಲ. ಅವು ಹಳೆಯ ದಾರಿಯಲ್ಲೇ ಬಂದು ನಮ್ಮ ರಾಗಿ ತಿಂದುಹೋಗುತ್ತವೆ.

ಊರಿನ ವಿಳಾಸದ ಕಥೆಯೂ ಅಷ್ಟೇ. ನಮ್ಮಪ್ಪ ಹುಟ್ಟಿದ್ದು ಬೆಂಗಳೂರು ಜಿಲ್ಲೆಯಲ್ಲಿ. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಬಂದೆವು. 2007ರಲ್ಲಿ ರಾಮನಗರಕ್ಕೆ. 2025ರ ಮೇ ತಿಂಗಳಲ್ಲಿ ಸಂಪುಟ ಕೂತು ಬೆಂಗಳೂರು ದಕ್ಷಿಣ ಎಂದಿತು. ರಾಮನಗರವೇ ಒಂದು ಕಾಲಕ್ಕೆ ಕ್ಲೋಸ್‌ಪೇಟೆ ಆಗಿತ್ತು, ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಸಾಹೇಬನ ಹೆಸರಲ್ಲಿ. ಇಷ್ಟೆಲ್ಲ ಸುತ್ತಿದರೂ ನಮ್ಮ ಮನೆಯ ಅಕ್ಷಾಂಶ ಒಂದು ಸೆಕೆಂಡೂ ಕದಲಿಲ್ಲ. ನಮ್ಮೂರಿನ ರಸ್ತೆಯ ಗುಂಡಿಯೂ ಕದಲಿಲ್ಲ. ಎಕರೆಯ ರೇಟು ಮಾತ್ರ ಕದಲಿತು.

ನರೇಗಾ ಕೂಲಿಯವರಿಗೆ 2023ರ ಜನವರಿ 1ರಿಂದ ಜಿಪಿಎಸ್ ಫೋಟೊ ಕಡ್ಡಾಯವಾಯಿತು. ದಿನಕ್ಕೆರಡು ಸಲ. ಕೆಲಸದ ಜಾಗದಲ್ಲೇ ನಿಂತು. ಗುಂಪಿನ ಮುಂದಾಳಾದ ಕಾಯಕ ಬಂಧು ಫೋನನ್ನು ಆಕಾಶಕ್ಕೆ ಎತ್ತಿ ಹಿಡಿಯಬೇಕಿತ್ತು, ಹೆಂಗಸರು ಬಿಸಿಲಲ್ಲಿ ಸಾಲಾಗಿ ನಿಲ್ಲಬೇಕಿತ್ತು. ಫೋಟೊ ಹೋಗದಿದ್ದರೆ ಹಾಜರಿ ಇರಲಿಲ್ಲ, ಕೂಲಿ ಇರಲಿಲ್ಲ. ಕಳ್ಳರು ಏನು ಮಾಡಿದರು? ಫೋಟೊದ ಫೋಟೊ ತೆಗೆದು ಕಳಿಸಿದರು. 2025ರ ಜುಲೈನಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಇದನ್ನು ಬರೆದು ಒಪ್ಪಿಕೊಂಡಿತು. ಉಪಗ್ರಹಕ್ಕೆ ಬೆವರು ಕಾಣುವುದಿಲ್ಲ. ಗುದ್ದಲಿ ಹಿಡಿದವಳು ಸಿಕ್ಕಿಬಿದ್ದಳು, ಫೋಟೊ ಹಿಡಿದವನು ಪಾರಾದ.

ಈಗ ನನ್ನ ಹೊಲದ ವಿಚಾರ.

ನನ್ನ ಹೊಲದ ಪೂರ್ವದ ಮೂಲೆಯ ಬಾಂದು ಕಲ್ಲು ಕಾಣೆಯಾಗಿದೆ. ಹದ್ದುಬಸ್ತಿಗೆ ಅರ್ಜಿ ಹಾಕಿದೆ. ಒಂದು ಕಚೇರಿಗೆ. ಯಾವುದೆಂದು ಕೇಳಬೇಡಿ, ನಾಳೆಯೂ ಅಲ್ಲಿಗೇ ಹೋಗಬೇಕು. ಅಳೆಯುವವರು ಬರಲಿಲ್ಲ. ಒಮ್ಮೆ ಬಂದರು, ಸರಪಳಿ ತಂದಿರಲಿಲ್ಲ. ಇನ್ನೊಮ್ಮೆ ಬಂದರು, ಪಕ್ಕದ ಹೊಲದವರಿಗೆ ನೋಟಿಸು ತಲುಪಿರಲಿಲ್ಲ. ಪಕ್ಕದ ಹೊಲದವರು ಆವತ್ತು ಅಲ್ಲೇ ನಿಂತು ಎಳನೀರು ಕೊಚ್ಚಿಕೊಡುತ್ತಿದ್ದರು.

ಬೆಳೆ ನಮೂದಿಸಲು ಸರ್ಕಾರದ್ದೇ ಒಂದು ಆ್ಯಪ್ ಇದೆ. ನನ್ನ ಹೊಲದ ನಡುವೆ ನಿಂತು ತೆರೆದೆ. ‘ನೀವು ಜಮೀನಿನ ಹೊರಗಿದ್ದೀರಿ’ ಎಂದಿತು. ನಾಲ್ಕು ತಲೆಮಾರಿನಿಂದ ಒಳಗಿದ್ದೇವೆ ಎಂದು ಒತ್ತಲು ಅದರಲ್ಲಿ ಗುಂಡಿ ಇರಲಿಲ್ಲ.

ನೀವು ಹೇಳಬಹುದು, ಮೂರು ಮೀಟರ್ ತಪ್ಪಿಗೆ ಇಷ್ಟು ರಂಪವೇ ಎಂದು. ಲೆಕ್ಕ ಹಾಕಿ. ಮೂರು ಮೀಟರ್ ಅಂದರೆ ಹತ್ತಡಿ. ನೂರಡಿ ಉದ್ದದ ಬದು ಹತ್ತಡಿ ಸರಿದರೆ ಸಾವಿರ ಚದರಡಿ. ಗುಂಟೆಗೆ 1,089. ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಮೇಲೆ ಒಂದು ಗುಂಟೆಗೆ ಏನು ಬೆಲೆ ಎಂದು ನಮ್ಮ ಸರ್ಕಲ್ಲಿನ ಯಾವ ಬ್ರೋಕರನ್ನಾದರೂ ಕೇಳಿ. ಅವರು ನಿಮಗೂ ಟೀ ಕೊಡಿಸುತ್ತಾರೆ.

ನಾಲ್ವರು ಹೋದ ಮರುವಾರ ನಾನೇ ಹೊರಟೆ. ಸರ್ವೆ ನಂಬರ್ ತೋರಿಸುವ ನಕ್ಷೆಯಿಂದ ಮೂಲೆಯ ಅಕ್ಷಾಂಶ ರೇಖಾಂಶ ಬರೆದುಕೊಂಡೆ. ಅಕ್ಕನ ಮಗನ ಇಟ್ರೆಕ್ಸಿಗೆ ಹೊಸ ಸೆಲ್ ಹಾಕಿದೆ. ಡಿಗ್ರಿ, ನಿಮಿಷ ಎರಡು ಸಲ ತಾಳೆ ನೋಡಿದೆ. ಬಯಲು ಹೊಲ, ಬಂಡೆಯ ಕಾಟವಿಲ್ಲ. ಬಾಣದ ಹಿಂದೆ ನಡೆದೆ. ಹದಿನೈದು ಮೀಟರ್, ಒಂಬತ್ತು, ನಾಲ್ಕು. ಅದು ನನ್ನನ್ನು ನಿಲ್ಲಿಸಿದ್ದು ಪಕ್ಕದವರ ಹೊಸ ತೆಂಗಿನ ಸಸಿಯ ಮುಂದೆ. ಕಲ್ಲು ಇರಲಿಲ್ಲ. ಕಲ್ಲು ಇದ್ದ ಗುಳಿಗೆ ಗೊಬ್ಬರ ತುಂಬಿ ಸಸಿ ನೆಟ್ಟಿದ್ದರು.

ವಾಪಸ್ ಬರುವಾಗ ಅವರ ಬೋರ್‌ವೆಲ್ ತೊಟ್ಟಿಯ ಬಳಿ ಅವರ ಮನೆಯಾಕೆ ಬಟ್ಟೆ ಒಗೆಯುತ್ತಿದ್ದರು. ಒಗೆಯುವ ಕಲ್ಲು ಗಟ್ಟಿಮುಟ್ಟಾಗಿತ್ತು. ಒಂದು ಬದಿಯಲ್ಲಿ ಉಳಿಯಲ್ಲಿ ಕೊರೆದ ಅಡ್ಡ ಉದ್ದದ ಗೆರೆ, ಸಾಬೂನಿನ ನೊರೆ ತುಂಬಿಕೊಂಡಿತ್ತು.

“ಏನಣ್ಣ ಅಂಗ್ ನೋಡ್ತೀಯ?” ಎಂದರು. “ಒಳ್ಳೆ ಕಲ್ಲು ಕಣಣ್ಣ. ಜಾರಕ್ಕಿಲ್ಲ.”

ಯಂತ್ರದಲ್ಲಿ ಗುರುತು ಹಾಕಿಕೊಂಡೆ. ಮೂಲೆಯಿಂದ ನಲವತ್ತೊಂದು ಮೀಟರ್, ತಪ್ಪು ಮೂರು ಮೀಟರ್. ಚೀಟಿಯಲ್ಲಿ ಬರೆದು ಕಚೇರಿಗೆ ಕೊಟ್ಟೆ. ಖಾಸಗಿ ಯಂತ್ರದ ಅಳತೆ ನಾವು ಒಪ್ಪುವುದಿಲ್ಲ, ಅದರಲ್ಲಿ ಮೂರು ಮೀಟರ್ ತಪ್ಪಿರುತ್ತದೆ ಎಂದರು.

ಹದ್ದುಬಸ್ತಿನ ಅರ್ಜಿಗೆ ಈ ತಿಂಗಳಿಗೆ ಎರಡು ವರ್ಷ ನಾಲ್ಕು ತಿಂಗಳು.